ಕನ್ನಡಕ ಕಳಚಿದ ಮೇಲೆ



ಶಿರಾಡಿಯನ್ನೋ ಚಾರ್ಮಾಡಿಯನ್ನೋ ಬಸ್ಸಿನಲ್ಲಿ ಹತ್ತಿ ಇಳಿದವರಿಗೆಲ್ಲ ಒಂದು ಸಂಗತಿ ಗೊತ್ತಿದೆ. ತಿರುವುಗಳು ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಸೀಟುಗಳಲ್ಲಿ ಮಾತು ಕಡಿಮೆಯಾಗುತ್ತದೆ, ತಲೆಗಳು ಕಿಟಕಿಯ ಕಡೆಗೆ ವಾಲುತ್ತವೆ, ತಾಯಂದಿರು ಚೀಲದಿಂದ ನಿಂಬೆಹಣ್ಣನ್ನೋ ಪ್ಲಾಸ್ಟಿಕ್ ತೊಟ್ಟೆಯನ್ನೋ ಹೊರತೆಗೆಯುತ್ತಾರೆ. ಅದೇ ಬಸ್ಸು, ಅದೇ ತಿರುವು. ಆದರೆ ಚಾಲಕನಿಗೆ ಮಾತ್ರ ಏನೂ ಆಗುವುದಿಲ್ಲ. ಮುಂದೆ ಬರಲಿರುವ ತಿರುವನ್ನು ಆತ ಕಾಣುತ್ತಾನೆ, ಸ್ವತಃ ತಿರುಗಿಸುತ್ತಾನೆ. ಆತನ ಕಣ್ಣು ಹೇಳುವುದಕ್ಕೂ ಮೈ ಅನುಭವಿಸುವುದಕ್ಕೂ ಹೊಂದಾಣಿಕೆ ಇದೆ. ಹಿಂದೆ ಕುಳಿತ ಹುಡುಗನ ಕಣ್ಣು ಎದುರಿನ ಸೀಟಿನ ಬೆನ್ನನ್ನು ನೋಡುತ್ತ "ನಾವು ಚಲಿಸುತ್ತಿಲ್ಲ" ಎನ್ನುತ್ತದೆ. ಅವನ ಒಳಗಿವಿಯಲ್ಲಿರುವ ಮೂರು ಪುಟ್ಟ ಬಾಗುನಾಳಗಳ ದ್ರವವು "ನಾವು ಎಡಕ್ಕೆ ಬಲಕ್ಕೆ ಎಸೆಯಲ್ಪಡುತ್ತಿದ್ದೇವೆ" ಎನ್ನುತ್ತದೆ. ಎರಡು ಸಾಕ್ಷಿಗಳ ನುಡಿ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ.

ಇಂದು ನಾನು ನಿಮ್ಮೊಡನೆ ಚಿಂತಿಸಬಯಸುವುದು ಇದಕ್ಕೆ ತದ್ವಿರುದ್ಧವಾದ ಪ್ರಯಾಣವೊಂದರ ಬಗ್ಗೆ. ವರ್ಚುವಲ್ ರಿಯಾಲಿಟಿ ಎಂಬ ತೋರಿಕೆಯ ವಾಸ್ತವವನ್ನು ನಮ್ಮ ಮಕ್ಕಳು ಈಗ ಮಾಲ್‌ಗಳಲ್ಲಿ, ಜಾತ್ರೆ-ಮೇಳಗಳಲ್ಲಿ, ಕೆಲವರು ಮನೆಯಲ್ಲಿಯೇ ಬಲ್ಲರು. ಮುಖಕ್ಕೆ ದಪ್ಪನೆಯ ಕನ್ನಡಕದಂಥ ಹೆಡ್‌ಸೆಟ್ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತ ಬಾಲಕ ಪರ್ವತದ ಅಂಚಿನಿಂದ ಕೆಳಗೆ ಧುಮುಕುತ್ತಾನೆ. ಕಣ್ಣು ಧುಮುಕುತ್ತದೆ, ದೇಹ ಕುಳಿತೇ ಇರುತ್ತದೆ. ಘಾಟಿಯಲ್ಲಿ ಚಲಿಸಿದ್ದು ಮೈ, ಚಲಿಸದಿದ್ದದ್ದು ಕಣ್ಣು. ಇಲ್ಲಿ ಅದರ ವಿಲೋಮ. ಫಲ ಮಾತ್ರ ಒಂದೇ: ತಲೆಸುತ್ತು, ಬೆವರು, ವಾಕರಿಕೆ. ಘಾಟಿ ಇಳಿದು ನೆಲ್ಯಾಡಿ ದಾಟುವಷ್ಟರಲ್ಲಿ ಮಕ್ಕಳು ತಿಂಡಿ ಕೇಳಲಾರಂಭಿಸುತ್ತಾರೆ. ಕನ್ನಡಕ ಕಳಚಿದ ಮೇಲೆ ಏನಾಗುತ್ತದೆ ಎಂಬುದು ಅಷ್ಟು ಸರಳವಲ್ಲ.

ಈ ತೊಂದರೆ ಹೊಸದೂ ಅಲ್ಲ. ತಲೆಗೆ ಕಟ್ಟುವ ಇಂಥ ಸಾಧನವನ್ನು ಅಮೆರಿಕದ ಇವಾನ್ ಸದರ್ಲೆಂಡ್ 1968ರಲ್ಲಿ ತೋರಿಸಿದರು. ಅದು ಎಷ್ಟು ಭಾರವಾಗಿತ್ತೆಂದರೆ ಛಾವಣಿಯಿಂದ ತೂಗುಹಾಕಬೇಕಾಗಿತ್ತು. ಆದರೆ ಅದಕ್ಕೂ 11 ವರ್ಷ ಮೊದಲೇ, 1957ರಲ್ಲಿ, ಅಮೆರಿಕದ ನೌಕಾಪಡೆಗಾಗಿ ತಯಾರಿಸಿದ ಹೆಲಿಕಾಪ್ಟರ್ ತರಬೇತಿ ಯಂತ್ರವೊಂದನ್ನು ಪರೀಕ್ಷಿಸಿದ ಹ್ಯಾವ್ರನ್ ಮತ್ತು ಬಟ್ಲರ್ ಎಂಬವರು, ನೆಲದ ಮೇಲೆಯೇ ನಿಂತಿದ್ದ ಆ ಯಂತ್ರದಲ್ಲಿ ಕುಳಿತವರು ಅಸ್ವಸ್ಥರಾಗುವುದನ್ನು ದಾಖಲಿಸಿದರು. ಅಂದಿನಿಂದ ನಡೆದ ಅಧ್ಯಯನಗಳಲ್ಲಿ ಒಂದು ಅಂಶ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿದೆ. ಹೆಚ್ಚು ನರಳಿದವರು ಹೊಸದಾಗಿ ಕಲಿಯಲು ಬಂದ ಹುಡುಗರಲ್ಲ; ನಿಜವಾದ ಆಕಾಶದಲ್ಲಿ ನೂರಾರು ಗಂಟೆ ಹಾರಾಡಿದ್ದ ಅನುಭವಿ ಚಾಲಕರು. ನಿಜವಾದ ಹಾರಾಟದಲ್ಲಿ ಮೈಗೆ ಏನಾಗಬೇಕೆಂಬುದು ಅವರ ದೇಹಕ್ಕೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಅನುಕರಣೆಯಲ್ಲಿದ್ದ ಕೊರತೆಯನ್ನು ಅವರ ದೇಹ ಮೊದಲು ಗುರುತಿಸಿತು. ಕೆಲವು ಸೇನಾ ಘಟಕಗಳು ಇಂಥ ಯಂತ್ರದಿಂದ ಇಳಿದ ಚಾಲಕರನ್ನು 12 ರಿಂದ 24 ಗಂಟೆಗಳ ಕಾಲ ನಿಜವಾದ ವಿಮಾನ ಹತ್ತದಂತೆ ತಡೆದದ್ದೂ ಉಂಟು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1993ರಲ್ಲಿ ರಾಬರ್ಟ್ ಕೆನಡಿ ಮತ್ತು ಸಂಗಡಿಗರು ಈ ಅಸ್ವಸ್ಥತೆಯನ್ನು ಅಳೆಯಲು 16 ಲಕ್ಷಣಗಳ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಇಂದಿಗೂ ಸಂಶೋಧಕರು ಅದನ್ನೇ ಬಳಸುತ್ತಾರೆ. ವಾಕರಿಕೆಯ ಗುಂಪು, ಕಣ್ಣಿನ ಆಯಾಸದ ಗುಂಪು, ದಿಕ್ಕುತಪ್ಪಿದಂತಾಗುವ ಗುಂಪು ಎಂದು ಅದರಲ್ಲಿ ಮೂರು ವಿಭಾಗಗಳಿವೆ. ಕಣ್ಣಿನ ಆಯಾಸಕ್ಕೆ ಬೇರೆಯೇ ಕಾರಣವಿದೆ. ನೀವು ಬೆರಳನ್ನು ಮೂಗಿನ ಹತ್ತಿರ ತಂದಾಗ ನಿಮ್ಮ ಎರಡು ಕಣ್ಣುಗಳೂ ಒಳಮುಖವಾಗಿ ತಿರುಗುತ್ತವೆ. ಜೊತೆಗೇ ಕಣ್ಣಿನ ಮಸೂರವೂ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುತ್ತದೆ. ಸೃಷ್ಟಿಯಲ್ಲಿ ಈ ಎರಡು ಕೆಲಸಗಳು ಕೈಕೈ ಹಿಡಿದು ನಡೆಯುತ್ತವೆ. ಹೆಡ್‌ಸೆಟ್‌ನಲ್ಲಾದರೋ ಹಾರಿಬರುವ ಹಕ್ಕಿ ಹತ್ತಿರವಾದಂತೆ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಆದರೆ ಪರದೆ ಇರುವ ದೂರ ಬದಲಾಗದ ಕಾರಣ ಮಸೂರ ಇದ್ದಲ್ಲಿಯೇ ಇರಬೇಕು. ಜೊತೆಯಾಗಿ ಹುಟ್ಟಿದ ಇಬ್ಬರನ್ನು ಹೀಗೆ ಬಲವಂತವಾಗಿ ಅಗಲಿಸುವುದರಿಂದ ತಲೆನೋವು, ಮಂಜುಗಣ್ಣು ಬರುತ್ತದೆ ಎಂಬುದನ್ನು 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ಪ್ರಯೋಗದಿಂದ ತೋರಿಸಿಕೊಟ್ಟರು.

ಹಾಗಾದರೆ ಇಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ತತ್ವಜ್ಞಾನಿಗಳು ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಬಹಳ ಹಿಂದೆಯೇ ಎತ್ತಿದ್ದಾರೆ. 1974ರಲ್ಲಿ ಅಮೆರಿಕದ ರಾಬರ್ಟ್ ನೋಜಿಕ್ ಒಂದು ಕಾಲ್ಪನಿಕ ಯಂತ್ರವನ್ನು ವರ್ಣಿಸಿದರು. ಅದರೊಳಗೆ ಮಲಗಿದರೆ ನಿಮಗೆ ಬೇಕಾದ ಎಲ್ಲ ಸುಖಾನುಭವಗಳೂ ದೊರೆಯುತ್ತವೆ. ನೀವು ಅದರೊಳಗೆ ಹೋಗುವಿರಾ ಎಂಬುದು ಅವರ ಪ್ರಶ್ನೆ. ನಮ್ಮ ಕಾಲದ ಡೇವಿಡ್ ಚಾಮರ್ಸ್ 2022ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತೋರಿಕೆಯ ಲೋಕವೂ ತನ್ನದೇ ರೀತಿಯಲ್ಲಿ ನಿಜವಾದ ಲೋಕವೇ ಎಂದು ವಾದಿಸಿದ್ದಾರೆ. ಇಬ್ಬರೂ ಬುದ್ಧಿವಂತರು. ಆದರೆ ಇಂಥ ಚರ್ಚೆಗಳಲ್ಲಿ ದೇಹವನ್ನು ಬಾಗಿಲ ಹೊರಗೆ ಕಾಯಲು ಬಿಟ್ಟ ಚಪ್ಪಲಿಯಂತೆ ಕಾಣುವುದು ನನಗೆ ಸೇರುವುದಿಲ್ಲ. ಆ ಯಂತ್ರದೊಳಗೆ ಹೋಗುವಿರಾ ಎಂದು ಮನಸ್ಸನ್ನು ಕೇಳುತ್ತೇವೆ. ಅಷ್ಟರಲ್ಲಿ ಹೊಟ್ಟೆ ತನ್ನ ಉತ್ತರವನ್ನು ಕೊಟ್ಟಾಗಿರುತ್ತದೆ.

ಸಂತ ಅಗಸ್ಟೀನರು ಇದಕ್ಕಿಂತ ಹತ್ತಿರಕ್ಕೆ ಬಂದಿದ್ದರು. ಸಂದೇಹವಾದಿಗಳ ವಿರುದ್ಧ ಬರೆಯುತ್ತ ಅವರು ನೀರಿನಲ್ಲಿ ಅದ್ದಿದ ಹುಟ್ಟಿನ ಉದಾಹರಣೆ ಕೊಡುತ್ತಾರೆ. ನೇರವಾದ ಹುಟ್ಟು ನೀರಿನಲ್ಲಿ ಬಾಗಿದಂತೆ ಕಾಣುತ್ತದೆ. ಕಣ್ಣು ಮೋಸಮಾಡಿತೇ? ಇಲ್ಲ, ಎನ್ನುತ್ತಾರೆ ಅವರು. ನೀರಿನ ಮೂಲಕ ನೋಡಿದಾಗ ಹುಟ್ಟು ಹಾಗೆಯೇ ಕಾಣಬೇಕು, ನೇರವಾಗಿ ಕಂಡಿದ್ದರೆ ಆಗ ಕಣ್ಣನ್ನು ಸಂಶಯಿಸಬೇಕಿತ್ತು. ತಪ್ಪುವುದು ಕಂಡದ್ದಕ್ಕಿಂತ ಹೆಚ್ಚಿನದನ್ನು ತೀರ್ಮಾನಿಸುವ ನಮ್ಮ ಅವಸರ. ಈ ಬೆಳಕಿನಲ್ಲಿ ಹೆಡ್‌ಸೆಟ್ ತೊಟ್ಟ ಬಾಲಕನನ್ನು ನೋಡಿ. ಅವನ ಕಣ್ಣು ಕಂಡದ್ದನ್ನೇ ಹೇಳುತ್ತಿದೆ, ಒಳಗಿವಿ ಅನುಭವಿಸಿದ್ದನ್ನೇ ಹೇಳುತ್ತಿದೆ. ಇಬ್ಬರೂ ಸತ್ಯವಂತ ಸಾಕ್ಷಿಗಳೇ. ವಾಕರಿಕೆ ಎಂಬುದು ದೇಹದ ದೌರ್ಬಲ್ಯವಲ್ಲ. ಹೊಂದದ ಎರಡು ಸಾಕ್ಷ್ಯಗಳನ್ನು ಸುಮ್ಮನೆ ಒಪ್ಪಿಕೊಳ್ಳಲಾರೆನೆಂಬ ಅದರ ಪ್ರಾಮಾಣಿಕತೆ. ಮಿಶೆಲ್ ಟ್ರೈಸ್‌ಮನ್ ಎಂಬ ವಿಜ್ಞಾನಿ 1977ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ಕಣ್ಣು-ಕಿವಿಗಳ ಮಾತು ಕಲಸಿಹೋಗುವುದು ವಿಷ ತಿಂದಾಗ, ಆದ್ದರಿಂದ ಅಂಥ ಗೊಂದಲ ಉಂಟಾದೊಡನೆ ದೇಹ ವಿಷವನ್ನು ಹೊರಹಾಕಲು ಯತ್ನಿಸುತ್ತದೆ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಆದರೂ ತಿನ್ನದ ವಿಷಕ್ಕೆ ವಾಂತಿ ಮಾಡುವ ಈ ದೇಹದ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ.

ಇಷ್ಟಾದರೂ "ನನಗೇನೂ ಆಗುವುದಿಲ್ಲ ಫಾದರ್" ಎನ್ನುವ ಯುವಕರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದೇ ಇದ್ದಾರೆ, ಅದನ್ನೊಂದು ಪೌರುಷವೆಂದು ಹೇಳಿಕೊಳ್ಳುವವರೂ ಇದ್ದಾರೆ. ಅವರಿಗೆ ನಾನು ಹನ್ನೊಂದು ಮಂದಿಯ ಕತೆ ಹೇಳುತ್ತೇನೆ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆಯ ವೈದ್ಯರು ಬಾಹ್ಯಾಕಾಶಯಾನದ ಸಿದ್ಧತೆಗಾಗಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ 11 ಮಂದಿ ಕಿವುಡರನ್ನು ಆರಿಸಿಕೊಂಡರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಎಳವೆಯಲ್ಲಿ ಮಿದುಳುಪೊರೆಯ ಉರಿಯೂತದಿಂದ ಕೇಳುವ ಶಕ್ತಿಯನ್ನು ಕಳೆದುಕೊಂಡಿದ್ದರು. ಅದರ ಜೊತೆಗೆ ಒಳಗಿವಿಯ ಸಮತೋಲನದ ಅಂಗವೂ ಹಾಳಾಗಿತ್ತು. ಅವರಲ್ಲಿ ನಾಲ್ವರು, ನಿಮಿಷಕ್ಕೆ 10 ಸುತ್ತು ತಿರುಗುವ 20 ಅಡಿಯ ಕೋಣೆಯಲ್ಲಿ ಸತತ 12 ದಿನ ವಾಸಿಸಿದರು. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಪ್ರಕ್ಷುಬ್ಧ ಕಡಲಿನಲ್ಲಿ ಅವರನ್ನು ದೋಣಿಯಲ್ಲಿ ಕರೆದೊಯ್ದಾಗ, ಅವರು ಹಾಯಾಗಿ ಇಸ್ಪೀಟು ಆಡುತ್ತಿದ್ದರು. ಪರೀಕ್ಷಿಸಬೇಕಾದ ಸಂಶೋಧಕರೇ ಹಾಸಿಗೆ ಹಿಡಿದದ್ದರಿಂದ ಪ್ರಯೋಗವನ್ನು ನಿಲ್ಲಿಸಬೇಕಾಯಿತು! ಲೋಕವು ಕೊರತೆ ಎಂದು ಕರೆದದ್ದೇ ಆ ಸಹೋದರರನ್ನು ಲೋಕಕ್ಕೆ ಅಗತ್ಯವಾದವರನ್ನಾಗಿ ಮಾಡಿತು. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಇಲ್ಲಿ ನಾನು ಹೇಳಬಯಸುವುದು ಇಷ್ಟು. ಅವರಿಗೆ ತಲೆ ತಿರುಗದಿದ್ದದ್ದು ಗಟ್ಟಿಗತನದಿಂದಲ್ಲ, ಎರಡನೆಯ ಸಾಕ್ಷಿ ಮೌನವಾಗಿದ್ದದ್ದರಿಂದ. ಆ ಸಾಕ್ಷಿ ಇರುವವನೊಬ್ಬ ಅದರ ಬಾಯಿ ಮುಚ್ಚಿಸಿದೆನೆಂದು ಹೆಮ್ಮೆಪಡುವುದಕ್ಕೆ ಕಾರಣವೇನಿದೆ?

ಹಾಗೆ ಬಾಯಿ ಮುಚ್ಚಿಸುವುದು ಸಾಧ್ಯವೆಂಬುದು ನಿಜ. ಇಲ್ಲಿಂದಲೇ ನನ್ನ ಮುಖ್ಯ ಪ್ರಶ್ನೆ ಆರಂಭವಾಗುತ್ತದೆ. 1896-97ರಲ್ಲಿ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞರು ಲೋಕವನ್ನು ತಲೆಕೆಳಗಾಗಿ ತೋರಿಸುವ ಮಸೂರವನ್ನು ಒಂದು ಕಣ್ಣಿಗೆ ಕಟ್ಟಿ, ಇನ್ನೊಂದನ್ನು ಮುಚ್ಚಿ, ಒಮ್ಮೆ ಎಂಟು ದಿನಗಳ ಕಾಲ ಬದುಕಿದರು. ಮೊದಮೊದಲು ಎಡವಿದರು, ವಾಕರಿಕೆಪಟ್ಟರು. ದಿನ ಕಳೆದಂತೆ ಕೈಕಾಲುಗಳು ಆ ತಲೆಕೆಳಗಿನ ಲೋಕಕ್ಕೆ ಪಳಗಿದವು. ಮಸೂರವನ್ನು ತೆಗೆದ ಮೇಲೆ, ನಿಜವಾದ ಲೋಕವೇ ಕೆಲವು ಗಂಟೆಗಳ ಕಾಲ ಅವರಿಗೆ ವಿಚಿತ್ರವಾಗಿ ತೋರಿತು, ಕೈ ತಪ್ಪು ದಿಕ್ಕಿಗೆ ಚಾಚಿತು. 1998ರಲ್ಲಿ ಫ್ರಾಂಕ್ ಬಿಯೋಕಾ ಮತ್ತು ಜನಿಕ್ ರೋಲಾಂಡ್ ಎಂಬವರು, ಕಣ್ಣಿರುವ ಜಾಗಕ್ಕಿಂತ ಸ್ವಲ್ಪ ಮೇಲೆ ಹಾಗೂ ಮುಂದೆ ಕ್ಯಾಮೆರಾಗಳನ್ನು ಜೋಡಿಸಿದ ಹೆಡ್‌ಸೆಟ್‌ನಿಂದ ಇದನ್ನೇ ಕಂಡರು. ತೊಟ್ಟವರು ಅಭ್ಯಾಸದಿಂದ ಸರಿಯಾಗಿ ಕೆಲಸಮಾಡಲು ಕಲಿತರು. ಕಳಚಿದೊಡನೆ ಅವರ ಕೈ ಗುರಿಯನ್ನು ವಿರುದ್ಧ ದಿಕ್ಕಿನಲ್ಲಿ ತಪ್ಪಿತು.

ವಾಕರಿಕೆ ದೇಹದ ನಿರಾಕರಣೆಯಾದರೆ, ಗುರಿ ತಪ್ಪುವ ಈ ಕೈ ದೇಹದ ಒಪ್ಪಿಗೆ. ಮೊದಲನೆಯದರಲ್ಲಿ ದೇಹ ಹೊಸ ಲೋಕವನ್ನು ನಂಬಲಿಲ್ಲ, ಎರಡನೆಯದರಲ್ಲಿ ನಂಬಿಬಿಟ್ಟಿತು. ನಂಬಿದ್ದರಿಂದಲೇ ಹಳೆಯ ಲೋಕಕ್ಕೆ ಮರಳಿದಾಗ ಎಡವಿತು. ಆದ್ದರಿಂದ ಏನೂ ಆಗಲಿಲ್ಲವೆಂದು ಎದ್ದು ಹೊರಡುವವನೇ ಕೆಲವೊಮ್ಮೆ ಹೆಚ್ಚು ಬದಲಾಗಿರುತ್ತಾನೆ. ಹ್ಯಾಂಬರ್ಗ್‌ನ ಫ್ರಾಂಕ್ ಸ್ಟೈನಿಕೆ ಮತ್ತು ಗೆರ್ಡ್ ಬ್ರುಡರ್ 2014ರಲ್ಲಿ ಪ್ರಕಟಿಸಿದ ವರದಿಯಂತೆ, 24 ಗಂಟೆಗಳ ಕಾಲ ತೋರಿಕೆಯ ಲೋಕದಲ್ಲಿದ್ದ ವ್ಯಕ್ತಿಗೆ ತಾನು ಎಲ್ಲಿದ್ದೇನೆಂಬ ಗೊಂದಲವೇ ಹಲವು ಬಾರಿ ಉಂಟಾಗಿತ್ತು. 2022ರ ಇನ್ನೊಂದು ಅಧ್ಯಯನದಲ್ಲಿ 16 ಮಂದಿ ಒಂದು ಕೆಲಸದ ವಾರವಿಡೀ ಹೆಡ್‌ಸೆಟ್ ತೊಟ್ಟು ಕಚೇರಿಯ ಕೆಲಸ ಮಾಡಿದರು. ಇನ್ನಿಬ್ಬರು ಮೊದಲ ದಿನವೇ ಬಿಟ್ಟುಹೋಗಬೇಕಾಯಿತು. ಉಳಿದವರ ಕಣ್ಣು ಬಳಲಿದರೂ ದಿನ ಕಳೆದಂತೆ ತುಸು ಹೊಂದಿಕೊಂಡದ್ದೂ ಕಂಡುಬಂತು. ಬಹುಪಾಲು ಜನರಲ್ಲಿ ಈ ಎಲ್ಲ ಪರಿಣಾಮಗಳು ನಿಮಿಷಗಳಲ್ಲೋ ಗಂಟೆಗಳಲ್ಲೋ ಮಾಯವಾಗುತ್ತವೆ, ಕೆಲವರಲ್ಲಿ ಮರುದಿನದವರೆಗೂ ಉಳಿಯುತ್ತವೆ. ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ.

ಆದರೆ ಆ ಕೆಲವು ಗಂಟೆಗಳು ಯಾರ ಲೆಕ್ಕಕ್ಕೆ ಸೇರಬೇಕು?

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಕಲಿಯುವಾಗ ನಮಗೆ ಒಂದು ಸೂಕ್ಷ್ಮವಾದ ಭೇದವನ್ನು ಕಲಿಸುತ್ತಿದ್ದರು. ಕುಡಿದು ಮತ್ತನಾದವನು ಆ ಸ್ಥಿತಿಯಲ್ಲಿ ಮಾಡಿದ ಹಾನಿಯನ್ನು ಇಚ್ಛಿಸಿ ಮಾಡಿರಲಿಕ್ಕಿಲ್ಲ, ಆಗ ಅವನಿಗೆ ಸ್ವಾತಂತ್ರ್ಯವೂ ಇರಲಿಕ್ಕಿಲ್ಲ. ಆದರೆ ಮೊದಲ ಲೋಟ ಎತ್ತುವಾಗ ಆತ ಸ್ವತಂತ್ರನಾಗಿದ್ದ, ಮುಂದೇನಾಗಬಹುದೆಂದು ತಿಳಿದಿದ್ದ, ಅದನ್ನು ತಡೆಯಲು ಶಕ್ತನಾಗಿದ್ದ, ತಡೆಯಬೇಕಾದ ಕರ್ತವ್ಯವೂ ಅವನಿಗಿತ್ತು. ಆದ್ದರಿಂದ ಕಾರ್ಯದಲ್ಲಿ ಇಲ್ಲದ ಇಚ್ಛೆ ಕಾರಣದಲ್ಲಿ ಇತ್ತು. ಸಂತ ಥಾಮಸ್ ಅಕ್ವಿನಾಸರ ಪರಂಪರೆಯಿಂದ ಬಂದ ಈ ವಿವೇಕವು ಸಾರಾಯಿಯ ಬಗ್ಗೆ ಮಾತ್ರ ಹೇಳಿದ್ದಲ್ಲ. ಹೆಡ್‌ಸೆಟ್ ಪೆಟ್ಟಿಗೆಯೊಳಗಿನ ಸೂಚನೆಗಳಲ್ಲಿ, ಪ್ರತಿ ಅರ್ಧ ಗಂಟೆಗೆ 10-15 ನಿಮಿಷ ವಿರಾಮ ತೆಗೆದುಕೊಳ್ಳಿ, ಅಸ್ವಸ್ಥತೆ ಪೂರ್ತಿ ಹೋಗುವವರೆಗೆ ವಾಹನ ಚಲಾಯಿಸಬೇಡಿ, ಯಂತ್ರ ಮುಟ್ಟಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಸಣ್ಣ ಅಕ್ಷರವಾದ್ದರಿಂದ ಯಾರೂ ಓದುವುದಿಲ್ಲ. ಮಾಲ್‌ನಲ್ಲಿ ಹತ್ತು ನಿಮಿಷಕ್ಕೆ ಹಣ ಕೊಟ್ಟು ಆಡುವವನಿಗಂತೂ ಆ ಪೆಟ್ಟಿಗೆಯೇ ಕಾಣುವುದಿಲ್ಲ. ಆಟ ಮುಗಿಸಿ ನಗುತ್ತ ಹೊರಬಂದ ಯುವಕ ಬೈಕಿನ ಹಿಂದೆ ತಂಗಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾನೆ. ತಂಗಿ ಆ ಆಟವನ್ನು ಆಡಿರಲಿಲ್ಲ. ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹಾಲಿನವನೂ ಆಡಿರಲಿಲ್ಲ. ತನ್ನ ದೇಹದ ಮೇಲೆ ತಾನು ಪ್ರಯೋಗ ಮಾಡಿಕೊಳ್ಳುವ ಹಕ್ಕನ್ನು ಒಬ್ಬನಿಗೆ ಒಪ್ಪಿಸಿದರೂ, ಅದರ ಉಳಿಕೆಯನ್ನು ಹೊತ್ತು ಪರರ ದಾರಿಗೆ ಬರುವ ಹಕ್ಕು ಅದರೊಳಗೆ ಸೇರಿಲ್ಲ. ವಿಮಾನ ಚಾಲಕರನ್ನು ಒಂದು ದಿನ ನೆಲದ ಮೇಲೆ ನಿಲ್ಲಿಸಿದ ಸೇನೆಗೆ ಅರ್ಥವಾದದ್ದು ಇದೇ ಅಲ್ಲವೇ?

ಮಕ್ಕಳ ವಿಚಾರ ಇನ್ನೂ ಕಠಿಣ, ಏಕೆಂದರೆ ಅಲ್ಲಿ ಮೊದಲ ಲೋಟವನ್ನು ಕೊಡುವವರು ನಾವೇ. ಮೆಟಾ ಕಂಪನಿಯು ತನ್ನ ಹೆಡ್‌ಸೆಟ್ 13 ವರ್ಷ ತುಂಬಿದವರಿಗೆ ಮಾತ್ರ ಎಂದಿತ್ತು. 2023ರಲ್ಲಿ ಹೆತ್ತವರ ನಿಯಂತ್ರಣದ ಖಾತೆಯೊಡನೆ 10 ವರ್ಷದವರಿಗೂ ಅದನ್ನು ತೆರೆಯಿತು. ಮೂರು ವರ್ಷಗಳ ಈ ಇಳಿಕೆಯಿಂದ ಮಕ್ಕಳ ಕಣ್ಣಂತೂ ಬೇಗ ಬೆಳೆಯಲಿಲ್ಲ! ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸಾಧನದ ಅಂತರಕ್ಕೆ ಹೊಂದಬೇಕು. 2020ರಲ್ಲಿ ಬಂದ ಅವರ ಒಂದು ಮಾದರಿಯಲ್ಲಿ ಇದ್ದದ್ದು 58, 63, 68 ಮಿಲಿಮೀಟರಿನ ಮೂರು ಅಳತೆಗಳು. ಚಿಕ್ಕ ಮಕ್ಕಳಲ್ಲಿ ಈ ಅಂತರ 58ಕ್ಕಿಂತಲೂ ಕಡಿಮೆ ಇರುವುದು ಸಾಮಾನ್ಯ. ಸ್ತ್ರೀಯರಿಗೆ ಇದರಿಂದ ಹೆಚ್ಚು ತಲೆಸುತ್ತು ಬರುತ್ತದೆಂದು ಬಹುಕಾಲ ಹೇಳಲಾಗುತ್ತಿತ್ತು, ಅದು ಅವರ ಸ್ವಭಾವವೆಂಬಂತೆ. 2020ರಲ್ಲಿ ಕೇ ಸ್ಟಾನಿ ಮತ್ತು ಸಂಗಡಿಗರು ನೋಡಿದಾಗ, ಸಾಧನವು ಅನೇಕ ಸ್ತ್ರೀಯರ ಕಣ್ಣಿನ ಅಂತರಕ್ಕೆ ಹೊಂದದಿರುವುದೇ ದೊಡ್ಡ ಕಾರಣವೆಂದು ತಿಳಿಯಿತು. ಅಳತೆ ತಪ್ಪಿದ ಅಂಗಿ ಹೊಲಿದು ಮೈಯನ್ನು ದೂರುವ ದರ್ಜಿಗಳು ಎಲ್ಲ ಕಾಲದಲ್ಲೂ ಇದ್ದಾರೆ.

ನೆನಪಿನ ಮಾತೂ ಇದೆ. 2009ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ತಿಮಿಂಗಿಲಗಳೊಡನೆ ಈಜಿದಂತೆ ತೋರಿಕೆಯ ಲೋಕದಲ್ಲಿ ಕಂಡ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಹಲವರು ಕೆಲವು ದಿನಗಳ ನಂತರ ಅದು ನಿಜವಾಗಿಯೂ ನಡೆದದ್ದೆಂದು ನಂಬಿದ್ದರು. ಮನಸ್ಸಿನಲ್ಲಿ ಕಲ್ಪಿಸಿಕೊಂಡ ಮಕ್ಕಳಲ್ಲೂ ಹೀಗಾಗಿತ್ತು ಎಂಬುದನ್ನು ಮರೆಮಾಚಬಾರದು. ಅಜ್ಜಿಯ ಕತೆ ಕೇಳಿ ರಾಕ್ಷಸನನ್ನು ಕಂಡೆನೆನ್ನುವ ಮಗುವನ್ನು ನಾವೆಲ್ಲ ಬಲ್ಲೆವು. ಆದರೆ ಅಜ್ಜಿ ಪಕ್ಕದಲ್ಲಿಯೇ ಇರುತ್ತಾಳೆ, ಹೆದರಿದರೆ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಹೆಡ್‌ಸೆಟ್‌ನೊಳಗೆ ಮಗು ಒಂಟಿ. ಆ ಹೊತ್ತಿನಲ್ಲಿ ಪಕ್ಕದ ಕುರ್ಚಿ ಖಾಲಿ ಇರಬಾರದೆಂಬುದು ನನ್ನ ಅಭಿಪ್ರಾಯ.

ಈ ಸಾಧನವನ್ನು ಮನೆಯ ಹೊಸ್ತಿಲಿನಿಂದಲೇ ಹೊರಗೆ ಎಸೆಯಬೇಕೆಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಸುಟ್ಟಗಾಯಗಳ ಪಟ್ಟಿ ಬದಲಿಸುವಾಗ ರೋಗಿಗಳಿಗೆ ಹಿಮದ ಲೋಕವನ್ನು ತೋರಿಸಿ ನೋವನ್ನು ತಗ್ಗಿಸುವ ಕೆಲಸವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು 1990ರ ದಶಕದಿಂದಲೇ ನಡೆಸಿಕೊಂಡು ಬಂದಿದ್ದಾರೆ. 2024ರ ನವೆಂಬರಿನಲ್ಲಿ ವ್ಯಾಟಿಕನ್ ಸಂತ ಪೇತ್ರರ ಮಹಾದೇವಾಲಯದ ಸಂಪೂರ್ಣ ಡಿಜಿಟಲ್ ಪ್ರತಿರೂಪವನ್ನು ಪ್ರಕಟಿಸಿತು. ಹಾಸಿಗೆ ಬಿಟ್ಟೇಳಲಾರದ ವೃದ್ಧರಿಗೆ ಅದೊಂದು ಸಾಂತ್ವನವಾಗಬಲ್ಲದು. ಅದೇ ಧರ್ಮಸಭೆ 2002ರಲ್ಲಿ ಇಂಟರ್‌ನೆಟ್ ಕುರಿತು ಹೊರಡಿಸಿದ ದಾಖಲೆಯಲ್ಲಿ, ತೋರಿಕೆಯ ವಾಸ್ತವವು ಪರಮಪ್ರಸಾದದಲ್ಲಿರುವ ಕ್ರಿಸ್ತರ ನಿಜ ಪ್ರಸನ್ನತೆಗಾಗಲಿ ರಕ್ತಮಾಂಸಗಳ ಮನುಷ್ಯರು ಕೂಡಿ ಮಾಡುವ ಆರಾಧನೆಗಾಗಲಿ ಬದಲಿಯಾಗದೆಂದು ತಿಳಿಸಿದೆ. ಎರಡರ ನಡುವೆ ವಿರೋಧವಿಲ್ಲ. ಸಂತ ಥಾಮಸರು ತನ್ನ ಆತ್ಮವೇ ತಾನಲ್ಲವೆಂದು ಬರೆದರು; ಶರೀರವಿಲ್ಲದ ಆತ್ಮವನ್ನು ಪೂರ್ಣ ಮನುಷ್ಯನೆಂದು ಅವರು ಒಪ್ಪಲಿಲ್ಲ. ಪ್ರತಿ ಭಾನುವಾರ ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇವೆಂದು ಹೇಳುವ ನಾವು, ತಲೆಸುತ್ತಿದಾಗ ಆ ಶರೀರ ಹೇಳುವ ಮಾತನ್ನು ಕೇಳಿಸಿಕೊಳ್ಳದಿದ್ದರೆ ಹೇಗೆ?

ಕೊನೆಗೆ ಆ ತಪ್ಪುವ ಕೈಯ ವಿಷಯ. ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದ ಕೆಲವರು ಎಡಭಾಗದ ಲೋಕವನ್ನೇ ಮರೆತುಬಿಡುತ್ತಾರೆ. ತಟ್ಟೆಯ ಎಡಗಡೆಯ ಅನ್ನ ಹಾಗೆಯೇ ಉಳಿಯುತ್ತದೆ, ಎಡಗಡೆ ನಿಂತ ಮಗಳು ಕಾಣುವುದಿಲ್ಲ. 1998ರಲ್ಲಿ ಫ್ರಾನ್ಸಿನ ಈವ್ ರೊಸೆಟ್ಟಿ ಮತ್ತು ಸಂಗಡಿಗರು ಇಂಥ ರೋಗಿಗಳಿಗೆ ದೃಶ್ಯವನ್ನು ಬಲಕ್ಕೆ 10 ಡಿಗ್ರಿ ಸರಿಸುವ ಪ್ರಿಸಮ್ ಕನ್ನಡಕ ತೊಡಿಸಿ, ಕೆಲವು ನಿಮಿಷ ಗುರಿ ಮುಟ್ಟುವ ಅಭ್ಯಾಸ ಮಾಡಿಸಿದರು. ಕನ್ನಡಕ ತೆಗೆದಾಗ ಅವರ ಕೈ ವಿರುದ್ಧ ದಿಕ್ಕಿಗೆ, ಅಂದರೆ ಮರೆತಿದ್ದ ಎಡಕ್ಕೆ ಸರಿಯಿತು. ಕೈಯ ಹಿಂದೆ ಗಮನವೂ ಸರಿಯಿತು. ಕನಿಷ್ಠ ಎರಡು ಗಂಟೆಗಳ ಕಾಲ ಆ ಸುಧಾರಣೆ ಉಳಿದಿತ್ತು. ಯಾವ ಶೇಷಪರಿಣಾಮ ಹೆದ್ದಾರಿಯಲ್ಲಿ ಅಪಾಯವೋ ಅದೇ ಇಲ್ಲಿ ಔಷಧ. ವ್ಯತ್ಯಾಸವಿಷ್ಟೇ, ಅಲ್ಲಿ ಆ ಎರಡು ಗಂಟೆಗಳಿಗಾಗಿ ವೈದ್ಯರು ಕಾದು ಕುಳಿತಿದ್ದರು. ಬರುವ ರಜೆಯಲ್ಲಿ ನಿಮ್ಮ ಮನೆಯವರು ಮಾಲ್‌ಗೆ ಹೊರಡುವುದಿದ್ದರೆ, ಹಿಂದಿರುಗುವಾಗ ಬೈಕಿನ ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನು ಹೊರಡುವ ಮುನ್ನವೇ ಮಾತಾಡಿಕೊಳ್ಳಿ.